ಅರ್ಜಿ ಹಾಕಲೇ, ಬೇಡವೇ? ಸೇನಾ ಅಕಾಡೆಮಿಯ ಕನಸು ಮನೆಗೆ ಬಂದಾಗ

ಪ್ಲಸ್ ಟು ಅಥವಾ ಪಿಯುಸಿ ಓದುವ ಮಕ್ಕಳಿರುವ ಮನೆಗಳಲ್ಲಿ ವರ್ಷವಿಡೀ ಒಂದೇ ಮಾತು: ಮುಂದೇನು? ಇಂಜಿನಿಯರಿಂಗೋ, ನರ್ಸಿಂಗೋ, ಬಿ.ಕಾಂ. ಮುಗಿಸಿ ಗಲ್ಫಿಗೆ ಹೋಗುವುದೋ? ಈ ಮಾತುಗಳ ನಡುವೆ ಒಂದು ರಾತ್ರಿ ಊಟಕ್ಕೆ ಕುಳಿತಾಗ, "ಅಮ್ಮಾ, ನಾನು ಎನ್‌ಡಿಎಗೆ ಅರ್ಜಿ ಹಾಕ್ಲಾ?" ಎಂದು ಮಗನೋ ಮಗಳೋ ಕೇಳಿದರೆ ಮನೆ ಒಂದು ಕ್ಷಣ ಸ್ತಬ್ಧವಾಗುತ್ತದೆ. ಅಜ್ಜಿ ಶಿಲುಬೆಯ ಗುರುತು ಹಾಕಿಕೊಳ್ಳುತ್ತಾರೆ. ಅಮ್ಮನ ಕಣ್ಣ ಮುಂದೆ ಟಿ.ವಿ.ಯಲ್ಲಿ ನೋಡಿದ, ತ್ರಿವರ್ಣ ಧ್ವಜ ಹೊದಿಸಿದ ಪೆಟ್ಟಿಗೆ ಬರುತ್ತದೆ. ಅಪ್ಪನ ಕಣ್ಣ ಮುಂದೆ ಇಸ್ತ್ರಿ ಹಾಕಿದ ಸಮವಸ್ತ್ರ, ಊರಿನವರ ಮೆಚ್ಚುಗೆಯ ನೋಟ ಬರುತ್ತದೆ. ಎದುರಿಗೆ ಕುಳಿತ ಮಗುವಿನ ಮುಖವನ್ನು ಮಾತ್ರ ಯಾರೂ ನೋಡುವುದಿಲ್ಲ.

ಈ ಪ್ರಶ್ನೆಗೆ ಹೆತ್ತವರು ಹೇಗೆ ಉತ್ತರಿಸಬೇಕು? "ಹೂಂ" ಎನ್ನುವುದು ಸುಲಭ, "ಬೇಡ" ಎನ್ನುವುದು ಇನ್ನೂ ಸುಲಭ. ಆದರೆ ಮಗು ಕೇಳುತ್ತಿರುವುದು ಅಪ್ಪಣೆಯನ್ನು ಮಾತ್ರವಲ್ಲ, ಯೋಚಿಸಲು ಜೊತೆಯನ್ನೂ ಕೇಳುತ್ತಿದೆ. ಆ ಜೊತೆ ಕೊಡುವುದು ಹೇಗೆಂದು ಈ ಸಲ ನೋಡೋಣ.

ಮೊದಲು ವಿಷಯ ತಿಳಿಯೋಣ

ನಮ್ಮ ಅನೇಕ ಮನೆಗಳಲ್ಲಿ "ಮಿಲಿಟರಿ" ಎಂದರೆ ಎಲ್ಲವೂ ಒಂದೇ. ಅದು ಸರಿಯಲ್ಲ. 2022ರಲ್ಲಿ ಆರಂಭವಾದ ಅಗ್ನಿಪಥ ಯೋಜನೆಯಲ್ಲಿ ಅಗ್ನಿವೀರನಾಗಿ ಸೇರುವುದು ಬೇರೆ, ಎನ್‌ಡಿಎ ಸೇರುವುದು ಬೇರೆ. ಅಗ್ನಿವೀರರ ಸೇವೆ ನಾಲ್ಕು ವರ್ಷದ್ದು. ಯೋಜನೆ ಪ್ರಕಟವಾದಾಗ ಹೇಳಿದಂತೆ ಅವರಲ್ಲಿ ಶೇಕಡಾ 25ರವರೆಗೆ ಮಾತ್ರ ಮುಂದೆ ಖಾಯಂ ಆಗುತ್ತಾರೆ. ಎನ್‌ಡಿಎ ಎಂದರೆ ಸೈನ್ಯದ ಮೂರೂ ವಿಭಾಗಗಳಿಗೆ ಅಧಿಕಾರಿಗಳನ್ನು ಸಿದ್ಧಪಡಿಸುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿ. ಪುಣೆಯ ಬಳಿ ಖಡಕ್‌ವಾಸ್ಲಾದಲ್ಲಿ ಇದಕ್ಕೆ 1949ರಲ್ಲಿ ಜವಾಹರಲಾಲ್ ನೆಹರೂ ಅಡಿಗಲ್ಲು ಹಾಕಿದರು, 1955ರಲ್ಲಿ ಉದ್ಘಾಟನೆಯಾಯಿತು.

ಇಲ್ಲಿ ಮೂರು ವರ್ಷ, ಅಂದರೆ ಆರು ಟರ್ಮ್ ತರಬೇತಿ. ಜೊತೆಗೆ ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಪದವಿಯೂ ಸಿಗುತ್ತದೆ. ಆಮೇಲೆ ಭೂಸೇನೆಯವರು ಡೆಹರಾಡೂನಿನ ಭಾರತೀಯ ಸೇನಾ ಅಕಾಡೆಮಿಗೂ, ವಾಯುಪಡೆಯವರು ಹೈದರಾಬಾದ್ ಬಳಿಯ ದುಂಡಿಗಲ್‌ಗೂ, ನೌಕಾಪಡೆಯವರು ಎಝಿಮಲಕ್ಕೂ ಹೋಗುತ್ತಾರೆ. ಈ ಎಝಿಮಲ ದೂರದ ಊರಲ್ಲ. ಕಾಸರಗೋಡಿನಿಂದ ಕಣ್ಣೂರಿಗೆ ರೈಲಿನಲ್ಲಿ ಹೋಗುವಾಗ ಪಯ್ಯನೂರು ದಾಟಿದ ಮೇಲೆ ಸಿಗುವ ಊರು ಅದೇ. 2009ರಲ್ಲಿ ಉದ್ಘಾಟನೆಯಾದ ಭಾರತೀಯ ನೌಕಾ ಅಕಾಡೆಮಿ ಅಲ್ಲಿದೆ. ನಮ್ಮಲ್ಲಿ ಎಷ್ಟೋ ಮಂದಿ ಅದರ ಪಕ್ಕದಿಂದಲೇ ರೈಲಿನಲ್ಲಿ ಓಡಾಡುತ್ತಾರೆ, ಆದರೆ ಅಲ್ಲಿಗೆ ನಮ್ಮ ಮಕ್ಕಳೂ ಹೋಗಬಹುದೆಂದು ನೆನೆದವರು ಕಡಿಮೆ.

ಎನ್‌ಡಿಎ ಪರೀಕ್ಷೆಯನ್ನು ಕೇಂದ್ರ ಲೋಕಸೇವಾ ಆಯೋಗ ವರ್ಷಕ್ಕೆ ಎರಡು ಸಲ ನಡೆಸುತ್ತದೆ, ಸಾಮಾನ್ಯವಾಗಿ ಏಪ್ರಿಲ್ ಮತ್ತು ಸೆಪ್ಟೆಂಬರ್‌ನಲ್ಲಿ. ತರಬೇತಿ ಆರಂಭವಾಗುವ ಹೊತ್ತಿಗೆ ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆಯೊಳಗೆ ಇರಬೇಕು. ಮದುವೆಯಾಗಿರಬಾರದು. ಹನ್ನೆರಡನೇ ತರಗತಿಯಲ್ಲಿ ಓದುತ್ತಿರುವವರೂ ಅರ್ಜಿ ಹಾಕಬಹುದು. ಒಂದು ಸಲಕ್ಕೆ ಸುಮಾರು 400 ಸ್ಥಾನಗಳು. ಅರ್ಜಿ ಹಾಕುವವರು ಲಕ್ಷಗಟ್ಟಲೆ.

ಹೆಣ್ಣುಮಕ್ಕಳ ಹೆತ್ತವರೂ ಇದನ್ನು ಓದಬೇಕು. 2021ರಲ್ಲಿ ಸುಪ್ರೀಂ ಕೋರ್ಟಿನ ಆದೇಶದ ನಂತರ ಎನ್‌ಡಿಎ ಬಾಗಿಲು ಹುಡುಗಿಯರಿಗೂ ತೆರೆಯಿತು. 2022ರಲ್ಲಿ ಸೇರಿದ ಮೊದಲ ತಂಡದಿಂದ 17 ಮಂದಿ ಯುವತಿಯರು 2025ರ ಮೇ 30ರಂದು ತರಬೇತಿ ಮುಗಿಸಿ ಹೊರಬಂದರು. ಅವರಿಗಾಗಿ ಮೀಸಲಾದ ಸ್ಥಾನಗಳು ಇನ್ನೂ ಕಡಿಮೆ. ಆದರೂ "ಅದು ಗಂಡುಮಕ್ಕಳ ಕೆಲಸ" ಎಂಬ ಉತ್ತರ ಈಗ ಉತ್ತರವಾಗಿ ಉಳಿದಿಲ್ಲ.

ಕನ್ನಡ ಮಾಧ್ಯಮದ ಮಕ್ಕಳ ಕಷ್ಟ

ಗಡಿನಾಡಿನ ನಮ್ಮ ಮಕ್ಕಳಿಗೆ ಇಲ್ಲಿ ಎರಡು ತೊಡಕುಗಳಿವೆ. ಮೊದಲನೆಯದು ಭಾಷೆ. ಈ ಪರೀಕ್ಷೆಯ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಹತ್ತನೆಯವರೆಗೆ ಕನ್ನಡದಲ್ಲಿ ಗಣಿತ ಕಲಿತ ಹುಡುಗನಿಗೆ ಲೆಕ್ಕ ಗೊತ್ತಿರುತ್ತದೆ, ಲೆಕ್ಕದ ಇಂಗ್ಲಿಷ್ ಹೆಸರು ಗೊತ್ತಿರುವುದಿಲ್ಲ. ಇದು ಬುದ್ಧಿಯ ಕೊರತೆಯಲ್ಲ, ಅಭ್ಯಾಸದ ಕೊರತೆ. ಒಂದು ವರ್ಷ ಮೊದಲೇ ಶುರುಮಾಡಿ, ದಿನಕ್ಕೊಂದು ಇಂಗ್ಲಿಷ್ ಪತ್ರಿಕೆ, ಹಳೆಯ ಪ್ರಶ್ನೆಪತ್ರಿಕೆಗಳು, ಇಂಗ್ಲಿಷಿನಲ್ಲಿ ನಾಲ್ಕು ಮಾತು, ಇಷ್ಟನ್ನು ರೂಢಿಸಿಕೊಂಡರೆ ಇದನ್ನು ದಾಟಬಹುದು. ಪರೀಕ್ಷೆಗೆ ಎರಡು ತಿಂಗಳಿರುವಾಗ ಕೋಚಿಂಗಿಗೆ ಸಾಲ ಮಾಡಿ ಕಳಿಸಿದರೆ ದಾಟುವುದು ಕಷ್ಟ.

ಎರಡನೆಯದು ಪ್ಲಸ್ ವನ್ ಸೇರುವಾಗ ಆರಿಸುವ ವಿಷಯ. ಭೂಸೇನೆಯ ವಿಭಾಗಕ್ಕೆ ಯಾವ ವಿಷಯ ಓದಿದವರೂ ಅರ್ಜಿ ಹಾಕಬಹುದೆಂಬುದು ನಿಜ. ವಾಯುಪಡೆ ಮತ್ತು ನೌಕಾಪಡೆಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಬೇಕು. ಆದರೆ ಲಿಖಿತ ಪರೀಕ್ಷೆಯ 900 ಅಂಕಗಳಲ್ಲಿ 300 ಅಂಕ ಗಣಿತದ್ದು, ಅದು ಎಲ್ಲರಿಗೂ ಒಂದೇ. ಉಳಿದ 600 ಅಂಕ ಇಂಗ್ಲಿಷ್ ಮತ್ತು ಸಾಮಾನ್ಯ ಜ್ಞಾನದ್ದು. ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದ ಮೂರನೇ ಒಂದು ಭಾಗ ಕಳೆಯುತ್ತಾರೆ. ಆದ್ದರಿಂದ ಹತ್ತನೇ ತರಗತಿಯಲ್ಲೇ ಈ ಆಸೆ ಮೊಳೆತಿದ್ದರೆ, ಗಣಿತ ಬಿಡುವ ಮೊದಲು ನಾಲ್ಕು ಸಲ ಯೋಚಿಸಿ.

ಇನ್ನೊಂದು ಸಣ್ಣ ವಿಷಯ, ಆದರೆ ನಮ್ಮವರಿಗೆ ಬಹಳ ತಲೆನೋವು ತರುವಂಥದ್ದು. ಜ್ಞಾನಸ್ನಾನದ ದಾಖಲೆಯಲ್ಲಿ ಒಂದು ಹೆಸರು, ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿ ಇನ್ನೊಂದು, ಆಧಾರ್‌ನಲ್ಲಿ ಮನೆತನದ ಹೆಸರಿನ ಅಕ್ಷರವೇ ಬೇರೆ! ಈ ಪರೀಕ್ಷೆಗೆ ಹುಟ್ಟಿದ ದಿನಾಂಕಕ್ಕೆ ಹತ್ತನೇ ತರಗತಿಯ ಪ್ರಮಾಣಪತ್ರವೇ ಆಧಾರ. ದಾಖಲೆಗಳನ್ನು ಈಗಲೇ ತೆಗೆದು ಒಂದರ ಪಕ್ಕ ಒಂದಿಟ್ಟು ನೋಡಿ, ವ್ಯತ್ಯಾಸವಿದ್ದರೆ ಸರಿಪಡಿಸಿಕೊಳ್ಳಿ.

ಅರ್ಜಿ ಹಾಕಿದರೆ ಸೇರಿದಂತೆ ಅಲ್ಲ

ಹೆತ್ತವರು ಹೆದರುವುದಕ್ಕೆ ಒಂದು ಕಾರಣ, ಅರ್ಜಿಗೆ ಒಪ್ಪಿದರೆ ಮಗನನ್ನು ಕೊಟ್ಟುಬಿಟ್ಟಂತೆ ಎಂಬ ಭಾವನೆ. ವಾಸ್ತವ ಹಾಗಿಲ್ಲ. ಅರ್ಜಿಯಿಂದ ಅಕಾಡೆಮಿಯ ಬಾಗಿಲಿಗೆ ನಾಲ್ಕಾರು ಮೆಟ್ಟಿಲುಗಳಿವೆ, ಪ್ರತಿ ಮೆಟ್ಟಿಲಲ್ಲೂ ನಿಂತು ಯೋಚಿಸಲು ಅವಕಾಶವಿದೆ. ಪರೀಕ್ಷಾ ಶುಲ್ಕ 100 ರೂಪಾಯಿ. ಹುಡುಗಿಯರಿಗೆ ಅದೂ ಇಲ್ಲ.

ಲಿಖಿತ ಪರೀಕ್ಷೆ ಪಾಸಾದವರನ್ನು ಎಸ್‌ಎಸ್‌ಬಿ ಎಂಬ ಆಯ್ಕೆ ಮಂಡಳಿ ಐದು ದಿನ ತನ್ನಲ್ಲಿ ಉಳಿಸಿಕೊಂಡು ಪರೀಕ್ಷಿಸುತ್ತದೆ. ಬೆಂಗಳೂರು, ಮೈಸೂರಿನಂಥ ಊರುಗಳಲ್ಲಿ ಈ ಕೇಂದ್ರಗಳಿವೆ. ಮೊದಲ ದಿನವೇ ಒಂದು ಜರಡಿ. ಅದರಲ್ಲಿ ಉಳಿಯದವರು ಅಂದೇ ಮನೆಗೆ. ಉಳಿದವರಿಗೆ ಚಿತ್ರ ತೋರಿಸಿ ಕಥೆ ಬರೆಸುತ್ತಾರೆ. ಹದಿನೈದು ಸೆಕೆಂಡಿಗೊಂದರಂತೆ ಅರವತ್ತು ಪದಗಳನ್ನು ತೋರಿಸಿ ಮನಸ್ಸಿಗೆ ಹೊಳೆದದ್ದನ್ನು ಬರೆಸುತ್ತಾರೆ. ಮೈದಾನದಲ್ಲಿ ಗುಂಪಾಗಿ ಹಲಗೆ, ಹಗ್ಗ ಕೊಟ್ಟು ಅಡ್ಡಿಗಳನ್ನು ದಾಟಿಸುತ್ತಾರೆ. ಒಬ್ಬ ಅಧಿಕಾರಿ ಬಹಳ ಹೊತ್ತು ಕುಳಿತು ಮಾತಾಡಿಸುತ್ತಾರೆ: ಮನೆಯಲ್ಲಿ ಯಾರಿಗೆ ಹತ್ತಿರ, ಸ್ನೇಹಿತರು ಯಾರು, ರಜೆಯಲ್ಲಿ ಏನು ಮಾಡುತ್ತೀ, ಯಾಕೆ ಬಂದೆ. ಅಲ್ಲಿ ನೋಡುವುದು ಇಂಗ್ಲಿಷಿನ ಠೀವಿಯನ್ನಲ್ಲ. ಈ ಹುಡುಗ ಇತರರ ಜೊತೆ ಸೇರಿ ಕೆಲಸ ಮಾಡಬಲ್ಲನೇ, ಹೇಳುವುದೂ ಇರುವುದೂ ಒಂದೇ ಆಗಿದೆಯೇ ಎಂಬುದನ್ನು. ಬಾಯಿಪಾಠ ಮಾಡಿದ ಉತ್ತರಗಳು ಐದು ದಿನ ಬಾಳುವುದಿಲ್ಲ. ಆದ್ದರಿಂದ "ದುಡ್ಡು ಕೊಟ್ಟರೆ ಸೀಟು ಮಾಡಿಸುತ್ತೇನೆ" ಎಂದು ಯಾರಾದರೂ ಮನೆ ಬಾಗಿಲಿಗೆ ಬಂದರೆ ಅವರನ್ನು ಅಲ್ಲಿಂದಲೇ ಕಳಿಸಿ.

ಆಮೇಲೆ ವೈದ್ಯಕೀಯ ತಪಾಸಣೆ. ಕಣ್ಣಿನ ದೃಷ್ಟಿ, ಬಣ್ಣ ಗುರುತಿಸುವ ಶಕ್ತಿ, ಕಿವಿ, ಹಲ್ಲು, ಕೀಲುಗಳು ಎಲ್ಲವನ್ನೂ ನೋಡುತ್ತಾರೆ. ಮೈಮೇಲಿನ ಟ್ಯಾಟೂಗೂ ನಿಯಮವಿದೆ. ಪೈಲಟ್ ಆಗಲೇಬೇಕೆಂದು ಕನಸು ಕಾಣುವ ಮಗುವಿನ ಕಣ್ಣು ಪರೀಕ್ಷೆಯನ್ನು ಅರ್ಜಿಗೆ ಮೊದಲೇ ಮಾಡಿಸುವುದು ಒಳ್ಳೆಯದು. ಎರಡು ವರ್ಷ ಓದಿದ ಮೇಲೆ ಆ ಸುದ್ದಿ ತಿಳಿಯುವುದು ಕ್ರೂರ.

ಹೀಗೆ ನೋಡಿದರೆ ಅರ್ಜಿ ಎಂಬುದು ತನ್ನನ್ನೇ ತಿಳಿದುಕೊಳ್ಳುವ ಒಂದು ದಾರಿ. ಆಯ್ಕೆಯಾಗದೆ ಎಸ್‌ಎಸ್‌ಬಿಯಿಂದ ಮರಳಿದವರಿಗೂ ತಾವು ಯಾವುದರಲ್ಲಿ ಗಟ್ಟಿ, ಯಾವುದರಲ್ಲಿ ಹಿಂದೆ ಎಂಬುದು ತಿಳಿದಿರುತ್ತದೆ.

ಸಮವಸ್ತ್ರ ಅಲ್ಲ, ಸೋಮವಾರದ ಬೆಳಗ್ಗೆ

ಗಣರಾಜ್ಯೋತ್ಸವದ ಪೆರೇಡ್ ನೋಡಿ ಆಸೆಪಡುವುದು ತಪ್ಪಲ್ಲ. ಆದರೆ ಪೆರೇಡ್ ವರ್ಷಕ್ಕೊಂದು ದಿನ. ಮಗುವಿನೊಂದಿಗೆ ಮಾತಾಡಬೇಕಾದದ್ದು ಅಲ್ಲಿನ ಒಂದು ಸಾಮಾನ್ಯ ಸೋಮವಾರದ ಬಗ್ಗೆ. ಬೆಳಕು ಹರಿಯುವ ಮೊದಲೇ ಏಳಬೇಕು. ವ್ಯಾಯಾಮ, ಡ್ರಿಲ್, ಈಜು, ಕುದುರೆ ಸವಾರಿ. ಅದಾದ ಮೇಲೆ ದಣಿದ ಮೈಯಲ್ಲೇ ತರಗತಿಯಲ್ಲಿ ಕುಳಿತು ಪದವಿಯ ಪಾಠ. ಹಾಸಿಗೆ, ಶೂ, ಬಟ್ಟೆ ಎಲ್ಲವೂ ಒಂದೇ ಅಚ್ಚಿನಲ್ಲಿ. ಮೊಬೈಲ್ ಕೇಳಿದಾಗ ಸಿಗುವುದಿಲ್ಲ. ಕ್ರಿಸ್ಮಸ್ ಹೊತ್ತಿಗೆ ರಜೆ ಇದ್ದರೆ ಮನೆ, ಮುಂದೆ ಅಧಿಕಾರಿಯಾದ ಮೇಲೆ ಎಷ್ಟೋ ಕ್ರಿಸ್ಮಸ್ ಕಾವಲಿನಲ್ಲಿ. ಇದನ್ನೆಲ್ಲ ಕೇಳಿದ ಮೇಲೂ ಮಗುವಿನ ಕಣ್ಣು ಹೊಳೆಯುತ್ತಿದ್ದರೆ ಆ ಆಸೆಗೆ ಬೇರು ಇದೆ ಎಂದರ್ಥ.

ಬೇರು ಇದೆಯೇ ಎಂದು ತಿಳಿಯಲು ಖರ್ಚಿಲ್ಲದ ದಾರಿಗಳಿವೆ. ಶಾಲೆಯಲ್ಲಿ ಎನ್‌ಸಿಸಿ ಇದ್ದರೆ ಸೇರಲಿ, ಒಂದು ಕ್ಯಾಂಪ್ ಮುಗಿಸಿ ಬರಲಿ. ಮೂರು ತಿಂಗಳು ಯಾರೂ ಎಬ್ಬಿಸದೆ ತಾನೇ ಐದು ಗಂಟೆಗೆ ಎದ್ದು ಓಡಲಿ. ಊರಿನಲ್ಲಿ ನಿವೃತ್ತ ಸೈನಿಕರಿದ್ದರೆ, ಭಾನುವಾರ ಬಲಿಪೂಜೆ ಮುಗಿದ ಮೇಲೆ ಅವರ ಮನೆಗೆ ಹೋಗಿ ಕೇಳಲಿ: ಯಾವುದು ಇಷ್ಟವಾಯಿತು, ಯಾವುದು ಕಷ್ಟವಾಯಿತು, ಮತ್ತೆ ಹದಿನೇಳು ವರ್ಷವಾದರೆ ಇದನ್ನೇ ಆರಿಸುತ್ತೀರಾ? ಆ ಸೈನಿಕರ ಹೆಂಡತಿಯನ್ನೂ ಕೇಳಲಿ. ಅವರ ಉತ್ತರ ಬೇರೆಯಾಗಿರಬಹುದು, ಅದೂ ಮಗುವಿಗೆ ತಿಳಿದಿರಬೇಕು.

ಭಯವನ್ನು ಬಚ್ಚಿಡಬೇಡಿ

"ಒಬ್ಬನೇ ಮಗ, ಏನಾದರೂ ಆದರೆ?" ತಾಯಂದಿರ ಈ ಮಾತನ್ನು ನಗುವಿನಲ್ಲಿ ತೇಲಿಸಬಾರದು. ಅದಕ್ಕೆ ಸುಳ್ಳು ಸಮಾಧಾನವನ್ನೂ ಹೇಳಬಾರದು. ಎನ್‌ಡಿಎಯಲ್ಲಿ ಕಲಿತು, 2008ರ ನವೆಂಬರ್‌ನಲ್ಲಿ ಮುಂಬಯಿಯ ತಾಜ್ ಹೋಟೆಲಿನಲ್ಲಿ ಭಯೋತ್ಪಾದಕರೊಂದಿಗೆ ಹೋರಾಡುತ್ತ ಪ್ರಾಣ ಕೊಟ್ಟ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಕೋಯಿಕ್ಕೋಡಿನಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಬೆಳೆದವರು. ತಂದೆತಾಯಿಗೆ ಒಬ್ಬನೇ ಮಗ. ಇಂಥ ಬೆಲೆ ಈ ವೃತ್ತಿಯೊಳಗೇ ಇದೆ.

ಗಡಿಯಲ್ಲಿ ಮಾತ್ರವಲ್ಲ, ತರಬೇತಿಯಲ್ಲೂ ಅಪಾಯವಿದೆ. ಅಕಾಡೆಮಿಯಲ್ಲಿ ಗಾಯಗೊಂಡು, ಅಧಿಕಾರಿಯಾಗುವ ಮೊದಲೇ ಅಂಗವೈಕಲ್ಯದಿಂದ ಹೊರಬಂದ ಯುವಕರು ಇದ್ದಾರೆ. ಅಧಿಕಾರಿಯಾಗಿರಲಿಲ್ಲ ಎಂಬ ಕಾರಣಕ್ಕೆ ಅವರಿಗೆ ಮಾಜಿ ಸೈನಿಕರ ಸ್ಥಾನಮಾನ ಸಿಕ್ಕಿರಲಿಲ್ಲ. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಈ ವಿಷಯವನ್ನು ತಾನಾಗಿಯೇ ಕೈಗೆತ್ತಿಕೊಂಡಿತು. ಅದೇ ತಿಂಗಳು ರಕ್ಷಣಾ ಸಚಿವಾಲಯವು ಮಾಜಿ ಸೈನಿಕರ ಆರೋಗ್ಯ ಯೋಜನೆಯ ಚಿಕಿತ್ಸೆಯನ್ನು ಇಂಥವರಿಗೂ ಕೊಡಲು ಒಪ್ಪಿತು. ಮಗು ಸೇರುವ ಮೊದಲು ವಿಮೆ, ಪರಿಹಾರದ ನಿಯಮಗಳನ್ನು ಓದಿ ತಿಳಿಯುವುದು ಹೆತ್ತವರ ಕರ್ತವ್ಯ. ಹಾಗೆಯೇ, ತರಬೇತಿಯ ನಡುವೆ ತನ್ನ ಇಚ್ಛೆಯಿಂದ ಬಿಟ್ಟುಬಂದರೆ ಖರ್ಚನ್ನು ಹಿಂದಿರುಗಿಸಬೇಕಾಗಬಹುದು ಎಂಬ ಷರತ್ತೂ ಇದೆ. ಸಹಿ ಹಾಕುವ ಕಾಗದವನ್ನು ಓದಿಯೇ ಸಹಿ ಹಾಕಿ.

ತಾಯಿ ತನ್ನ ಭಯವನ್ನು ಮಗನಿಗೆ ನೇರವಾಗಿ ಹೇಳಬಹುದು: "ನನಗೆ ಹೆದರಿಕೆಯಾಗ್ತದೆ ಮಗಾ. ಆದರೆ ನನ್ನ ಹೆದರಿಕೆ ನಿನ್ನ ಉತ್ತರ ಆಗಬಾರದು." ಇಷ್ಟು ಹೇಳಿದ ತಾಯಿಯ ಎದುರು ಮಗ ತನ್ನ ಹೆದರಿಕೆಯನ್ನೂ ಹೇಳಿಕೊಳ್ಳುತ್ತಾನೆ. "ನೀನು ಹೋದರೆ ನಾನು ಬದುಕುವುದಿಲ್ಲ" ಎಂದ ತಾಯಿಯ ಎದುರು ಅವನು ಬಾಯಿ ಮುಚ್ಚುತ್ತಾನೆ, ಮನಸ್ಸನ್ನೂ ಮುಚ್ಚುತ್ತಾನೆ.

ಆತ್ಮಸಾಕ್ಷಿಯ ಪ್ರಶ್ನೆ

ಕೆಲವು ಮಕ್ಕಳು ಇನ್ನೊಂದು ಪ್ರಶ್ನೆ ಕೇಳುತ್ತಾರೆ: "ಕೊಲ್ಲಬಾರದು ಅಂತ ಕಲಿತ ನಾವು ಬಂದೂಕು ಹಿಡಿಯಬಹುದಾ?" ಇದು ಒಳ್ಳೆಯ ಪ್ರಶ್ನೆ, ಕೇಳಿದ ಮಗುವನ್ನು ಗದರಿಸಬೇಡಿ. ಸಂತ ಲೂಕನ ಶುಭಸಂದೇಶದಲ್ಲಿ ಸೈನಿಕರು ಸ್ನಾನಿಕ ಯೊವಾನ್ನನ ಬಳಿ ಬಂದು ತಾವೇನು ಮಾಡಬೇಕೆಂದು ಕೇಳುತ್ತಾರೆ. ಸೈನ್ಯ ಬಿಡಿ ಎಂದು ಆತ ಹೇಳಲಿಲ್ಲ. ಯಾರನ್ನೂ ಸುಲಿಯಬೇಡಿ, ನಿಮ್ಮ ಸಂಬಳದಲ್ಲಿ ತೃಪ್ತರಾಗಿರಿ ಎಂಬ ಅರ್ಥದ ಮಾತು ಹೇಳಿದ. ದೇಶದ ರಕ್ಷಣೆಗಾಗಿ ತಮ್ಮ ಕರ್ತವ್ಯವನ್ನು ಸರಿಯಾಗಿ ಮಾಡುವ ಸೈನಿಕರು ಶಾಂತಿಗೂ ಸೇವೆ ಸಲ್ಲಿಸುತ್ತಾರೆಂದು ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ತಿಳಿಸಿತು. ಆದರೂ ಯಾವ ಮಗುವಿನ ಮನಸ್ಸು ಇದಕ್ಕೆ ಒಪ್ಪುವುದಿಲ್ಲವೋ ಅದನ್ನು ಹೇಡಿ ಎನ್ನಬಾರದು. ಆ ಮನಸ್ಸಿಗೂ ಒಂದು ಕರೆ ಇರುತ್ತದೆ.

ಆಸೆ ಯಾರದು?

ಹೆತ್ತವರು ತಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಅಪ್ಪನಿಗೆ ಒಮ್ಮೆ ಸೈನ್ಯ ಸೇರುವ ಆಸೆಯಿದ್ದು ಈಡೇರದೆ ಹೋಗಿರಬಹುದು. ಮನೆಯ ಕಷ್ಟ ನೋಡಿ, ಫೀಸು ಕಟ್ಟದೆ ಓದಬಹುದೆಂಬ ಲೆಕ್ಕ ಮಗುವಿನ ತಲೆಯಲ್ಲಿರಬಹುದು. ಊಟ, ವಸತಿ, ಪುಸ್ತಕ, ಸಮವಸ್ತ್ರ, ಚಿಕಿತ್ಸೆ ಎಲ್ಲವೂ ಸರ್ಕಾರದ ಖರ್ಚು ಎಂಬುದು ನಿಜ; ಕೈಖರ್ಚು ಮಾತ್ರ ಮನೆಯದು, ಬಡ ಕುಟುಂಬಗಳಿಗೆ ಅದಕ್ಕೂ ಸಹಾಯವಿದೆ. ಸಾಲದ ಹೊರೆ ಹೊತ್ತ ಮನೆಗೆ ಇದು ದೊಡ್ಡ ಆಸರೆ. ಆದರೆ ಅದೊಂದೇ ಕಾರಣವಾದರೆ ಮೂರು ವರ್ಷ ಬಹಳ ಉದ್ದವಾಗುತ್ತದೆ. "ಫೀಸಿನ ಚಿಂತೆ ಇಲ್ಲದೆ ಹೋದರೂ ಇದನ್ನೇ ಆರಿಸ್ತೀಯಾ?" ಎಂದು ಒಮ್ಮೆ ಕೇಳಿ ನೋಡಿ. ಉತ್ತರಕ್ಕೆ ಅವಸರ ಮಾಡಬೇಡಿ.

ಈಗಲೇ ಆಗದಿದ್ದರೆ ಮುಗಿಯಿತು ಎಂಬ ಒತ್ತಡವೂ ಬೇಡ. ಪದವಿಯ ಮೇಲೆ ಸಿಡಿಎಸ್ ಪರೀಕ್ಷೆಯಿದೆ, ಎನ್‌ಸಿಸಿ 'ಸಿ' ಪ್ರಮಾಣಪತ್ರದವರಿಗೆ ವಿಶೇಷ ಪ್ರವೇಶವಿದೆ. ವಿಜ್ಞಾನ ಓದಿದವರಿಗೆ ಪ್ಲಸ್ ಟು ಮುಗಿದ ಕೂಡಲೇ ಜೆಇಇ ಮೂಲಕ ಎಝಿಮಲದಲ್ಲಿ ನಾಲ್ಕು ವರ್ಷದ ಬಿ.ಟೆಕ್ ಇದೆ. ಡಾಕ್ಟರ್ ಆಗಬೇಕೆನ್ನುವವರಿಗೆ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿದೆ. ನರ್ಸಿಂಗ್ ಆರಿಸುವ ಹೆಣ್ಣುಮಕ್ಕಳಿಗೆ ಸೇನಾ ನರ್ಸಿಂಗ್ ಸೇವೆಯಿದೆ. ಮನೆಯಲ್ಲಿ ಐದನೇ ತರಗತಿಯ ತಮ್ಮ ತಂಗಿಯರಿದ್ದರೆ ಬಿಜಾಪುರ, ಕೊಡಗಿನ ಕೂಡಿಗೆ, ತಿರುವನಂತಪುರದ ಕಳಕ್ಕೂಟ್ಟಂ, ತಮಿಳುನಾಡಿನ ಅಮರಾವತಿನಗರದ ಸೈನಿಕ ಶಾಲೆಗಳನ್ನು ನೆನಪಿಡಿ. ಆರನೇ ತರಗತಿಯ ಪ್ರವೇಶ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು.

ಕೊನೆಯದಾಗಿ ಮೂರು ಮಾತು. ಆಸೆ ಮಗುವಿನದೇ ಆಗಿದ್ದು, ವಿಷಯ ತಿಳಿದ ಮೇಲೂ ಉಳಿದಿದ್ದರೆ ಅರ್ಜಿ ಹಾಕಲು ಬಿಡಿ. ಕಂಪ್ಯೂಟರ್ ಮುಂದೆ ನೀವೂ ಪಕ್ಕದಲ್ಲಿ ಕುಳಿತುಕೊಳ್ಳಿ. ಆಯ್ಕೆಯಾಗದಿದ್ದರೆ "ನಾನು ಮೊದಲೇ ಹೇಳಿದ್ದೆ" ಎನ್ನಬೇಡಿ. ಅಷ್ಟು ದಿನ ಬೆಳಗ್ಗೆ ಐದಕ್ಕೆ ಎದ್ದದ್ದು ವ್ಯರ್ಥವಾಗಿಲ್ಲ. ಆಯ್ಕೆಯಾದ ಮೇಲೂ, ಹೊರಡುವ ಹಿಂದಿನ ದಿನ ಮಗು "ನನಗೆ ಬೇಡ" ಎಂದರೆ, ಊರವರಿಗೆ ಏನು ಹೇಳುವುದು ಎಂಬ ಚಿಂತೆಯನ್ನು ಬದಿಗಿಟ್ಟು ಕುಳಿತು ಕೇಳಿ. ಊರವರು ಎರಡು ವಾರ ಮಾತಾಡುತ್ತಾರೆ. ಮಗು ತನ್ನ ಬದುಕನ್ನು ಬಹಳ ವರ್ಷ ಬದುಕಬೇಕು.